ಬಾಲವಿಲ್ಲದ ತಾಯಿ

ಫಲಕದ ಕರಡು ನೆಲಮಾಳಿಗೆಗೆ ಬಂದ ಹೊತ್ತಿಗೆ ಮೂಳೆಯಕ್ಕ ಗಿಬ್ಬನ್ನಿನ ಬೆನ್ನು ಪೋಣಿಸುತ್ತಿದ್ದಳು. ಉಕ್ಕಿನ ಸರಳಿಗೆ ಬೆನ್ನುಮೂಳೆಯ ಒಂದು ಮಣಿ, ಅದರ ಮೇಲೆ ತೆಳು ಫೆಲ್ಟ್ ಬಟ್ಟೆಯ ಬಿಲ್ಲೆ, ಮತ್ತೊಂದು ಮಣಿ. ಕೂರಿಸಬೇಕು, ಒತ್ತಬೇಕು, ಒಂದು ಕಣ್ಣು ಮುಚ್ಚಿ ಓರೆ ನೋಡಬೇಕು. ನಡುವೆ ಮಾತಾಡಿದರೆ ಕೈ ತಪ್ಪುತ್ತದೆ. ಅದು ಗೊತ್ತಿದ್ದೂ ಬಡಗಿ ಹಾಳೆಯನ್ನು ಅವಳ ಮೂಗಿನ ಮುಂದೆ ಹಿಡಿದ.

"ಓದಿಬಿಡಿ ಅಕ್ಕಾ. ಕೊಂಬೆ ಸಾರ್‌ಗೆ ಮಧ್ಯಾಹ್ನದೊಳಗೆ ಒಪ್ಪಿಗೆ ಬೇಕಂತೆ. ನನಗಂತೂ ಅಕ್ಷರ ದಪ್ಪಗಿದ್ರೆ ಸಾಕು, ಒಪ್ಪಿಗೆ ಕೊಟ್ಟಾಯ್ತು."

ಸತ್ತ ಪ್ರಾಣಿಗಳ ಮೂಳೆ ಜೋಡಿಸಿ, ಬದುಕಿದ್ದಾಗಿನ ಭಂಗಿಯಲ್ಲಿ ನಿಲ್ಲಿಸುವುದು ಅವಳ ಉದ್ಯೋಗ. ವಸ್ತುಸಂಗ್ರಹಾಲಯದ ನಿರ್ದೇಶಕರಿಂದ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ಮೂಳೆಯಕ್ಕ. ಬಡಗಿ ಅವಳಿಗಿಂತ ತುಂಬ ದೊಡ್ಡವನಾದರೂ ಅವನಿಗೂ ಅಕ್ಕನೇ. ಈಗ ಮೇಜಿನ ಮೇಲಿದ್ದ ಹೆಣ್ಣು ಗಿಬ್ಬನ್, ಅಂದರೆ ಬಾಲವಿಲ್ಲದ ಸಣ್ಣ ವಾನರ, ಮೃಗಾಲಯದಲ್ಲಿ ವಯಸ್ಸಾಗಿ ಸತ್ತದ್ದು. ಬಹುಕಾಲ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಅದಕ್ಕೆ ಹೊಸ ಪ್ರದರ್ಶನದಲ್ಲಿ ಜಾಗ ಸಿಕ್ಕಿತ್ತು. ವಾನರಗಳು ಬಾಲ ಕಳೆದುಕೊಂಡದ್ದು ಹೇಗೆ, ಅವುಗಳಲ್ಲಿ ಒಂದು ಕವಲು ಎದ್ದು ನಿಂತು ನಡೆದದ್ದು ಹೇಗೆ ಎನ್ನುವುದು ಪ್ರದರ್ಶನದ ವಿಷಯ. ಎರಡೂ ಕೈ ಮೇಲೆತ್ತಿಕೊಂಡು, ಕೊಂಬೆಯ ಮೇಲೆ ಎರಡೇ ಕಾಲಲ್ಲಿ ನಡೆಯುವ ಭಂಗಿ ಬೇಕೆಂದು ಆದೇಶವಾಗಿತ್ತು. ಕೈಗಳು ಕಾಲಿಗಿಂತ ಉದ್ದ ಇದ್ದುದರಿಂದ ಬಡಗಿ ಅದಕ್ಕೆ ಉದ್ದಗೈ ಎಂದು ಹೆಸರಿಟ್ಟಿದ್ದ.

ಅವಳು ಕಣ್ಣೆತ್ತಿದಳು. ಕರಡಿನ ನೆತ್ತಿಯ ಮೇಲೆ ಕಪ್ಪಗೆ ಅಚ್ಚಾಗಿತ್ತು: ಬಾಲವಿಲ್ಲದ ತಾಯಿ.

ಬಾಲ ಅಂದರೆ ಪ್ರಾಣಿಯ ಹಿಂದೆ ಜೋತಾಡುವುದು ಎಂದು ಮಾತು ಕಲಿತ ಕೂಸಿಗೂ ಗೊತ್ತು. ಅದೇ ಮಾತಿಗೆ ಮಗು ಎಂಬ ಅರ್ಥವೂ ಇದೆ. ಬಾಲಕ, ಬಾಲ್ಯ ಅನ್ನುವಾಗ ನಾಲಿಗೆ ಅದನ್ನು ಹಾದುಹೋಗುತ್ತದೆ, ಮನಸ್ಸು ನಿಲ್ಲುವುದಿಲ್ಲ. ಅವಳ ಮನಸ್ಸು ನಿಂತುಬಿಟ್ಟಿತು. ಕೈಯಲ್ಲಿದ್ದ ಮಣಿ ಸರಳಿಗೆ ಇಳಿಯದೆ ಬೆರಳಲ್ಲೇ ಉಳಿಯಿತು.

ಮಧ್ಯಾಹ್ನ ಕೊಂಬೆ ಸಾರ್ ತಾವೇ ಇಳಿದು ಬಂದರು. ವಾನರ ವಿಭಾಗದ ಹಿರಿಯ ತಜ್ಞರು. ಮನುಷ್ಯನ ಸಕಲ ಸಾಧನೆಯೂ ಕೊಂಬೆಯ ಮೇಲೆ ಶುರುವಾಯಿತು ಎನ್ನುವವರು, ಅದಕ್ಕೇ ಆ ಹೆಸರು.

"ಆ ತಲೆಬರಹ ಬೇಡ ಸಾರ್," ಅಂದಳು.

"ಯಾಕಮ್ಮಾ?"

"ಬಾಲ ಅನ್ನೋ ಮಾತು ಬೇಡ."

"ಬಾಲದ ಪ್ರದರ್ಶನದಲ್ಲಿ ಬಾಲ ಬೇಡವಾ? ಪುಚ್ಛ ಅಂತ ಹಾಕಿದ್ರೆ ಶಾಲೆ ಮಕ್ಕಳು ನಗ್ತಾರೆ. ಲಾಂಗೂಲ ಅಂತ ಹಾಕಿದ್ರೆ ಟೀಚರೂ ನಗ್ತಾರೆ."

"ಹಾಗಾದ್ರೆ ತಾಯಿ ಅನ್ನೋದನ್ನಾದ್ರೂ ತೆಗೀರಿ."

ಸಾರ್ ಕನ್ನಡಕ ಸರಿಸಿ ಅವಳ ಮುಖ ನೋಡಿದರು. ಕಾರಣ ಕೇಳಿದರೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ಅವರು ಕೇಳಲಿಲ್ಲ. "ಅಚ್ಚಿಗೆ ಹೋಗೋಕೆ ಇನ್ನೂ ಟೈಮ್ ಇದೆ, ಯೋಚಿಸೋಣ," ಅಂದು ಹತ್ತಿ ಹೋದರು.

ಹಿಂದಿನ ವರ್ಷ ಅವಳು ಬಸುರಿಯಾಗಿದ್ದಳು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಬೆನ್ನುಹುರಿ ಮುಚ್ಚಿಕೊಂಡಿಲ್ಲ ಎಂದು ತಿಳಿಯಿತು. ಪರದೆಯ ಮೇಲೆ ಅದನ್ನು ವೈದ್ಯೆಗಿಂತ ಮೊದಲು ಅವಳೇ ಕಂಡಿದ್ದಳು. ಎರಡು ಸಾಲು ಬಿಳಿ ಚುಕ್ಕೆ ಜೊತೆಜೊತೆಯಾಗಿ ಇಳಿದು ಬಂದು, ಸೊಂಟದ ಹತ್ತಿರ ಒಂದನ್ನೊಂದು ಬಿಟ್ಟು ಅಗಲವಾಗಿದ್ದವು, ಕಿತ್ತುಹೋದ ಜಿಪ್ಪಿನ ಹಾಗೆ. ಮಗು ಏಳನೇ ತಿಂಗಳಲ್ಲಿ ಉಸಿರಿಲ್ಲದೆ ಹುಟ್ಟಿತು.

ಈಗ ಅವಳು ಮತ್ತೆ ಬಸುರಿ. ಬೆನ್ನು ನೋಡುವ ಸ್ಕ್ಯಾನ್ ಹತ್ತಿರ ಬಂದಿತ್ತು. ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಸಡಿಲ ಅಂಗಿ ತೊಟ್ಟು, ಅದರ ಮೇಲೆ ಕೆಲಸದ ಏಪ್ರನ್ ಬಿಗಿದು ದಿನ ದೂಡುತ್ತಿದ್ದಳು. ಮೊದಲನೆಯದು ಯಾಕೆ ಹಾಗಾಯಿತು ಎಂದು ಗೊತ್ತಾಗದೆ ಎರಡನೆಯದರ ಬೆನ್ನು ನೋಡುವುದು ಹೇಗೆ? ಅದೊಂದೇ ಪ್ರಶ್ನೆ ಅವಳನ್ನು ತಿನ್ನುತ್ತಿತ್ತು.

ಕಾರಣಗಳಿಗೇನೂ ಬರವಿರಲಿಲ್ಲ. ಅತ್ತೆಯ ಕಾರಣ ಒಂದು: "ದಿನವಿಡೀ ಸತ್ತವುಗಳ ಮೂಳೆ ಮುಟ್ಟೋ ಕೈಗೆ ಬದುಕೋದು ಹೇಗೆ ದಕ್ಕುತ್ತೆ?" ಗಂಡ ಲಿಫ್ಟ್ ಮೆಕ್ಯಾನಿಕ್. "ಎಲ್ಲಾ ಸರಿ ಇದ್ದೂ ಲಿಫ್ಟ್ ನಿಂತುಬಿಡುತ್ತಲ್ಲ, ಹಾಗೆ. ಕಾರಣ ಹುಡುಕ್ತಾ ಕೂತ್ರೆ ಮೆಟ್ಟಿಲೇ ಗತಿ," ಅನ್ನುತ್ತಿದ್ದ. ಅವಳದ್ದೇ ಆದ ಕಾರಣ ಒಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಬಸುರಾದದ್ದು ತನಗೇ ಗೊತ್ತಿಲ್ಲದ ಆ ಮೊದಲ ವಾರಗಳಲ್ಲಿ ಕಾರ್ಯಾಗಾರದ ಗಾಳಿ ಹೊರಹಾಕುವ ಫ್ಯಾನ್ ಕೆಟ್ಟಿತ್ತು. ಮೂಳೆಯ ಜಿಡ್ಡು ತೆಗೆಯುವ ದ್ರಾವಣದ ತೊಟ್ಟಿಯ ಪಕ್ಕದಲ್ಲೇ ಕೂತು ಅವಳು ಕೆಲಸ ಮಾಡಿದ್ದಳು. ಮಗುವಿನ ಬೆನ್ನು ಮುಚ್ಚಿಕೊಳ್ಳುವುದು ಸರಿಯಾಗಿ ಆ ವಾರಗಳಲ್ಲೇ ಎಂದು ಆಮೇಲೆ ಓದಿ ತಿಳಿದಳು.

ಉದ್ದಗೈಯ ಬೆನ್ನು ಮುಗಿದು, ಕಾಲು ಕೂಡಿ, ಬಡಗಿ ಕಡೆದ ಮರದ ಕೊಂಬೆಯ ಮೇಲೆ ಅದು ನಿಂತಿತು. ಒಂದು ಸಂಜೆ ಅವಳು ಎರಡೂ ಕೈಗಳನ್ನು ಮೇಲೆತ್ತಿ, ಭುಜಕ್ಕೂ ಮೊಳಕೈಗೂ ಹಿತ್ತಾಳೆ ತಂತಿ ಬಿಗಿದು ಹೋದಳು. ಭಂಗಿ ಪಕ್ಕಾ ಆಗುವವರೆಗೆ ತಾತ್ಕಾಲಿಕವಾಗಿ ತಂತಿ, ಆಮೇಲೆ ಉಕ್ಕು. ಅದು ಅವಳ ಕ್ರಮ.

ಬೆಳಿಗ್ಗೆ ಬೀಗ ತೆಗೆದಾಗ ಕೈಗಳು ಕೆಳಗಿದ್ದವು. ಸುಮ್ಮನೆ ಜೋತುಬಿದ್ದಿರಲಿಲ್ಲ. ಮೊಳಕೈ ಮಡಿಚಿ, ಅಂಗೈ ಒಳಮುಖವಾಗಿ, ಎದೆಯ ಮುಂದೆ ಒಂದರ ಮೇಲೊಂದು ಬಂದು ನಿಂತಿದ್ದವು. ಅವುಗಳ ಮತ್ತು ಪಕ್ಕೆಲುಬಿನ ನಡುವೆ ಏನನ್ನೋ ಇಟ್ಟುಕೊಳ್ಳುವಷ್ಟು ಜಾಗ.

ತಂತಿ ಮೆತ್ತಗಾಯಿತು ಅಂದುಕೊಂಡಳು. ಹಿತ್ತಾಳೆಯನ್ನು ಹೆಚ್ಚು ಕಾಯಿಸಿದರೆ ಹಾಗಾಗುತ್ತದೆ. ದಪ್ಪ ತಂತಿ ಹಾಕಿ ಕೈಗಳನ್ನು ಮತ್ತೆ ಎತ್ತಿದಳು. ಮರುದಿನ ಮತ್ತೆ ಅವು ಎದೆಯ ಮುಂದೆ.

"ಉದ್ದಗೈಗೆ ತೋಳು ಸೋತಿರಬೇಕು," ಅಂದ ಬಡಗಿ. ಅವನು ಅವಳಿಗಿಂತ ಮೊದಲೇ ಮನೆಗೆ ಹೋಗುವವನು. "ಅಥವಾ ಕೊಂಬೆ ಸಾರ್ ಹೇಳಿದ್ದು ಅದಕ್ಕೆ ಒಪ್ಪಿಗೆ ಆಗಿಲ್ಲ. ನನಗೂ ಆಗಿಲ್ಲ ಅನ್ನಿ. ಎರಡು ಕೈ ತುಂಬ ಸಾಮಾನು ಹಿಡ್ಕೊಂಡು ನಡೆಯೋನು ನಾಲ್ಕು ಕಾಲಲ್ಲಿ ನಡೆಯೋಕಾಗುತ್ತಾ? ಎದ್ದು ನಿಲ್ಲಲೇಬೇಕು. ಅಷ್ಟೇ ಕಥೆ."

"ಏನು ಸಾಮಾನು?"

"ಹಣ್ಣೋ, ಕಾಯೋ, ಮರಿಯೋ. ಕೈ ಖಾಲಿ ಇದ್ರೆ ಯಾರು ಎದ್ದು ನಿಲ್ತಾರೆ ಹೇಳಿ."

ಅವಳು ತಂತಿ ಬಿಚ್ಚಿ, ಎರಡೂ ಕೀಲುಗಳಿಗೆ ತಿರುಪು ಹಾಕುವ ಉಕ್ಕಿನ ಪಟ್ಟಿ ಕೂರಿಸಿದಳು. ತಿರುಪನ್ನು ಹಲ್ಲುಕಚ್ಚಿ ಬಿಗಿದಳು. ಇನ್ನು ತೂಕಕ್ಕೆ ಇಳಿಯುವ ಮಾತೇ ಇಲ್ಲ.

ಅಂದು ಮಧ್ಯಾಹ್ನ ಭಂಗಿ ನೋಡಲು ಇಬ್ಬರು ತಜ್ಞರೂ ಒಟ್ಟಿಗೆ ಬಂದರು. ಕೊಂಬೆ ಸಾರ್ ಜೊತೆ ಬಂದವರು ಜೀವಕೋಶ ವಿಭಾಗದ ಅಚ್ಚುದೋಷ ಮೇಡಂ. ಅವರ ಪ್ರಕಾರ ವಾನರಗಳ ಬಾಲ ಹೋದದ್ದು ಒಂದು ಅಚ್ಚಿನ ತಪ್ಪಿನಿಂದ. ಇಬ್ಬರೂ ಎದುರಾದರೆ ಹಾವು ಮುಂಗುಸಿ ಎಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ಬಡಗಿ ಉಳಿ ಕೆಳಗಿಟ್ಟು ಆರಾಮಾಗಿ ಕೂತ.

"ನೋಡಿ," ಎಂದು ಕೊಂಬೆ ಸಾರ್ ಉದ್ದಗೈಯ ಸೊಂಟದ ಹತ್ತಿರ ಬೆರಳು ತಂದರು. "ಮೇಲಿನ ಕೊಂಬೆ ಹಿಡಿದು, ಕೆಳಗಿನ ಕೊಂಬೆ ಮೆಟ್ಟಿ ನಡೆಯೋ ಪ್ರಾಣಿ. ಮೈ ಮೊದಲೇ ನೆಟ್ಟಗಿದೆ. ತೂಕ ಸರಿದೂಗಿಸೋಕೆ ಬಾಲ ಯಾಕೆ? ಬೇಡವಾದದ್ದು ಹೋಯ್ತು. ನಾವು ನೆಲಕ್ಕಿಳಿದು ಹೊಸದಾಗಿ ಎದ್ದು ನಿಲ್ಲಲಿಲ್ಲ. ನಿಂತುಕೊಂಡೇ ಇಳಿದ್ವಿ."

"ಬೇಡವಾದದ್ದೆಲ್ಲಾ ಹೋಗೋ ಹಾಗಿದ್ರೆ ನಮ್ಮ ಆಡಳಿತ ವಿಭಾಗ ಎಂದೋ ಹೋಗಬೇಕಿತ್ತು," ಅಂದರು ಮೇಡಂ. ಬಡಗಿ ನಕ್ಕ. "ಬಾಲ ಬೆಳೆಸೋ ಒಂದು ಜೀನಿನ ಮಧ್ಯೆ ಎಲ್ಲಿಂದಲೋ ಬಂದ ತುಣುಕೊಂದು ಕೂತುಬಿಡ್ತು. ಜೀವಕೋಶ ಅದನ್ನ ಓದೋವಾಗ ಒಂದು ಸಾಲು ಹಾರಿಹೋಯ್ತು, ಬಾಲ ಹೋಯ್ತು. ಸುಮಾರು ಎರಡೂವರೆ ಕೋಟಿ ವರ್ಷದ ಹಿಂದಿನ ಮಾತು. ಎರಡು ಕಾಲಲ್ಲಿ ನಡೆದದ್ದಕ್ಕೆ ಅರವತ್ತು ಎಪ್ಪತ್ತು ಲಕ್ಷ ವರ್ಷಕ್ಕಿಂತ ಹಿಂದಿನ ಸಾಕ್ಷಿ ನಿಮ್ಮ ಹತ್ರ ಇದೆಯಾ? ಇಲ್ಲ. ಮೊದಲು ಅಪಘಾತ, ಆಮೇಲೆ ಹೊಂದಾಣಿಕೆ."

"ಒಂದೇ ತುಣುಕಿನಿಂದ ಎಲ್ಲಾ ಆಯ್ತು ಅನ್ನೋದೂ ನಿಮ್ಮ ಊಹೆ."

"ಇಲಿಗಳಲ್ಲಿ ಮಾಡಿ ನೋಡಿದ್ದಾರಲ್ಲ. ಅದೇ ರೀತಿ ಜೀನಿನ ಒಂದು ಭಾಗ ತಪ್ಪಿಸಿದಾಗ ಕೆಲವು ಮರಿ ಮೊಂಡುಬಾಲದವು, ಕೆಲವು ಬಾಲವೇ ಇಲ್ಲದವು ಹುಟ್ಟಿದ್ವು." ಮೇಡಂ ಪಾಠ ಹೇಳುವ ದನಿಯಲ್ಲೇ ಮುಂದುವರಿಸಿದರು. "ಕೆಲವು ಮರಿಗಳ ಬೆನ್ನುಹುರಿಯೇ ಮುಚ್ಚಿರಲಿಲ್ಲ. ಮನುಷ್ಯರ ಮಕ್ಕಳಲ್ಲೂ ಆಗುತ್ತಲ್ಲ, ಹಾಗೆ. ಬಾಲ ಹೋದದ್ದರ ಬೆಲೆಯನ್ನ ನಾವಿನ್ನೂ ತೆರ್ತಾ ಇರಬಹುದು."

ಮೂಳೆಯಕ್ಕ ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟಳು.

"ಅಂದ್ರೆ ಮೇಡಂ," ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು, "ಒಂದು ಮಗುವಿಗೆ ಹಾಗಾದ್ರೆ, ಅದು ಆಗಲೇ ಆಗಿಹೋಗಿತ್ತು ಅಂತಲಾ? ಎರಡೂವರೆ ಕೋಟಿ ವರ್ಷದ ಹಿಂದೇನೇ?"

"ಹಾಗೂ ಹೇಳಬಹುದು," ಅಂದರು ಮೇಡಂ, ಪ್ರಶ್ನೆ ಮೆಚ್ಚಿದವರ ಹಾಗೆ.

"ಹಾಗೆ ಹೇಳೋಕಾಗಲ್ಲ," ಅಂದರು ಕೊಂಬೆ ಸಾರ್. "ಇಲಿ ಇಲಿ, ನಾವು ನಾವು. ಒಂದು ಮಗುವಿನ ವಿಷಯದಲ್ಲಿ ಹತ್ತು ಕಾರಣ ಇರುತ್ತೆ, ಒಂದೂ ಇಲ್ಲದೇನೂ ಇರುತ್ತೆ. ಕಥೆ ಚೆನ್ನಾಗಿದೆ ಅಂತ ಅದು ನಿಜ ಆಗಲ್ಲ."

ಅವರು ಜಗಳಾಡುತ್ತಲೇ ಮೆಟ್ಟಿಲು ಹತ್ತಿದರು. ಮೇಡಂ ಹೇಳಿದ್ದು ಅವಳ ಮೈಗೆ ಅಂಟಿಕೊಂಡಿತು. ಒಂದು ಗಳಿಗೆ ಹಗುರವಾಯಿತು. ಕೆಟ್ಟ ಫ್ಯಾನ್ ಅಲ್ಲ, ದ್ರಾವಣದ ತೊಟ್ಟಿಯಲ್ಲ, ತಾನಲ್ಲ. ಮರುಗಳಿಗೆಗೇ ಇನ್ನೊಂದು ಹೊಳೆಯಿತು. ಅಷ್ಟು ಹಿಂದಿನಿಂದ ಹೊರಟು ಬಂದದ್ದು ತನ್ನ ಬಸುರಿನ ಬಾಗಿಲನ್ನೇ ತಟ್ಟಿದ್ದರೆ, ಅದಕ್ಕೆ ದಾರಿ ಗೊತ್ತು. ಇನ್ನೊಮ್ಮೆ ಬರಬಲ್ಲದು. ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತಿದ್ದವರ ಬೆನ್ನುಗಳನ್ನೇ ನೋಡಿದಳು. ಅಂಗಿ, ಕೋಟುಗಳ ಒಳಗೆ ಎಲ್ಲರದ್ದೂ ಮುಚ್ಚಿಕೊಂಡಿತ್ತು. ಎಲ್ಲರೂ ಕೋಲಿನಂತೆ ನೆಟ್ಟಗೆ ನಿಂತು ಮನೆಗೆ ಹೋಗುತ್ತಿದ್ದರು. ಅದಕ್ಕಿಂತ ವಿಚಿತ್ರವಾದದ್ದು ಜಗತ್ತಿನಲ್ಲಿ ಇಲ್ಲ ಅನಿಸಿತು.

ಮರುದಿನ ಬೆಳಿಗ್ಗೆ ಉದ್ದಗೈಯ ಕೈಗಳು ಮತ್ತೆ ಎದೆಯ ಮುಂದಿದ್ದವು.

ಅವಳು ಹತ್ತಿರ ಹೋಗಿ ಮುಟ್ಟಿ ನೋಡಿದಳು. ತಿರುಪುಗಳು ಬಿಗಿಯಾಗಿಯೇ ಇದ್ದವು, ಹೊಸ ಭಂಗಿಯಲ್ಲಿ. ಯಾರೋ ಸಡಿಲಿಸಿ, ಕೈ ಇಳಿಸಿ, ಅಷ್ಟೇ ಜೋಪಾನವಾಗಿ ಮತ್ತೆ ಬಿಗಿದಿದ್ದರು. ಬೀಗದ ಕೈ ಇದ್ದದ್ದು ಅವಳ ಮತ್ತು ಬಡಗಿಯ ಹತ್ತಿರ ಮಾತ್ರ. ಅವಳು ಬಾಗಿಲಿಗೆ ಹಿಂದಿರುಗಿದಳು, ಬಡಗಿ ಬರುವವರೆಗೆ ಮತ್ತೆ ಒಳಗೆ ಕಾಲಿಡಲಿಲ್ಲ.

"ಇದು ತಮಾಷೆ ಅಲ್ಲ," ಅಂದಳು. "ನನ್ನ ಹತ್ರ ಬಾಲ ಬಿಚ್ಚಬೇಡ. ಯಾಕೆ ಇಳಿಸಿದೆ?"

ಬಡಗಿಯ ಮುಖದಲ್ಲಿ ನಗು ಬಂದು ಅರ್ಧಕ್ಕೆ ನಿಂತಿತು. "ಅಕ್ಕಾ, ನೀವೇ ಇಳಿಸಿದ್ರಲ್ಲ."

"ನಾನಾ?"

"ನಿನ್ನೆ ಸಂಜೆ. ಕನ್ನಡಕ ಮರೆತಿದ್ದೆ, ತಗೊಳ್ಳೋಕೆ ವಾಪಸ್ ಬಂದೆ. ನೀವು ತಿರುಪು ಬಿಚ್ತಾ ಇದ್ರಿ. ಏನಕ್ಕಾ ಅಂದೆ. ಪಾಪ, ಎಷ್ಟೊತ್ತು ಕೈ ಎತ್ಕೊಂಡೇ ಇರುತ್ತೆ, ಇದರ ಕೈಗೆ ಕೊಡೋರು ಯಾರೂ ಇಲ್ವಾ ಅಂದ್ರಿ. ನಾನು ಭಂಗಿ ಬದಲಾಯಿಸ್ತಿದ್ದೀರಿ ಅಂದ್ಕೊಂಡು ಹೋದೆ."

"ಏನು ಕೊಡೋರು?"

"ಅದನ್ನ ನೀವು ಹೇಳಲಿಲ್ಲ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ತೋರುಬೆರಳ ಬುಡದಲ್ಲಿ ತಿರುಪು ತಿರುಗಿಸಿದ ಕೆಂಪು ಗೆರೆ ಇತ್ತು. ಬಿಗಿದಾಗ ಆದದ್ದೋ ಬಿಚ್ಚಿದಾಗ ಆದದ್ದೋ ಹೇಳುವಂತಿರಲಿಲ್ಲ. ನಿನ್ನೆ ತಜ್ಞರಿಬ್ಬರೂ ಮೆಟ್ಟಿಲು ಹತ್ತಿದ್ದು ನೆನಪಿತ್ತು, ಬಸ್ಸಿನ ಬೆನ್ನುಗಳು ನೆನಪಿದ್ದವು. ನಡುವೆ ಏನೂ ಇರಲಿಲ್ಲ. ಅವಳಿಗೆ ಗೊತ್ತಿಲ್ಲದೆ ಅವಳ ಕೈಗಳು ತಮ್ಮ ಪಾಡಿಗೆ ಒಂದು ಕೆಲಸ ಮಾಡುತ್ತ ಬಂದಿದ್ದವು.

ಬಡಗಿ ಸ್ಟೂಲ್ ಎಳೆದು ತಂದ. ಕೂತಳು. ಅವನು ಬೆನ್ನು ತಿರುಗಿಸಿ ನಿಂತು, ಕೆಲಸವಿಲ್ಲದ ಒಂದು ಹಲಗೆಯನ್ನು ಉಜ್ಜತೊಡಗಿದ. ತಿರುಗಿ ನೋಡದೆಯೇ, "ಕೊಂಬೆ ಸಾರ್‌ಗೆ ನಾನು ಹೇಳ್ತೀನಿ, ಇನ್ನೊಂದು ವಾರ ಬೇಕು ಅಂತ. ನನ್ನ ಕೊಂಬೆ ಬಿರುಕು ಬಿಟ್ಟಿದೆ," ಅಂದ. ಕೊಂಬೆ ಬಿರುಕು ಬಿಟ್ಟಿರಲಿಲ್ಲ.

ಸ್ಕ್ಯಾನಿನ ದಿನ ಗಂಡ ರಜೆ ಹಾಕಿದ್ದ. ಬೆಳಿಗ್ಗೆಯೇ ಫೋನ್ ಬಂತು, ಯಾವುದೋ ಕಟ್ಟಡದಲ್ಲಿ ಜನ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದರು.

"ಅಮ್ಮನ್ನ ಕರ್ಕೊಂಡು ಹೋಗು," ಅಂದ, ಶೂ ಕಟ್ಟಿಕೊಳ್ಳುತ್ತ.

"ಅವರಿಗೆ ಗೊತ್ತಿಲ್ವಲ್ಲ ರೀ."

"ಅವರಿಗೆ ಗೊತ್ತಿಲ್ಲ ಅಂತ ನಿನಗೆ ಮಾತ್ರ ಗೊತ್ತು."

ಅತ್ತೆ ಆಗಲೇ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿ ನಿಂತಿದ್ದರು. "ನಡಿ," ಅಂದರು. "ಬಾತ್ರೂಮಿನಲ್ಲಿ ನಲ್ಲಿ ಬಿಟ್ಕೊಂಡು ವಾಂತಿ ಮಾಡಿದ್ರೆ ಕೇಳಿಸಲ್ಲ ಅಂದ್ಕೊಂಡ್ಯಾ? ನೀರಿನ ಬಿಲ್ಲೇ ಹೇಳ್ತು."

ಸ್ಕ್ಯಾನ್ ಕೋಣೆಯಲ್ಲಿ ಅದೇ ವೈದ್ಯೆ, ಅದೇ ಮಂಕು ಬೆಳಕು, ಹೊಟ್ಟೆಯ ಮೇಲೆ ಅದೇ ತಣ್ಣನೆಯ ಜೆಲ್. ಕಣ್ಣು ಮುಚ್ಚಿಕೊಳ್ಳಬೇಕು ಅಂದುಕೊಂಡು ಬಂದವಳು ಮುಚ್ಚಲಾರದೆ ಹೋದಳು. ಕುತ್ತಿಗೆಯಿಂದ ಶುರುವಾದ ಎರಡು ಸಾಲು ಚುಕ್ಕೆಗಳು ಒಂದಕ್ಕೊಂದು ಆತುಕೊಂಡು ಇಳಿದವು. ಪಕ್ಕೆಲುಬಿನ ಜಾಗ ದಾಟಿದವು, ಸೊಂಟ ದಾಟಿದವು, ಎಲ್ಲೂ ಅಗಲವಾಗಲಿಲ್ಲ. ತುದಿಯಲ್ಲಿ ಕಿರಿದಾಗುತ್ತ ಬಂದು, ಒಂದಕ್ಕೊಂದು ಸೇರಿ ಒಳಕ್ಕೆ ಬಾಗಿ ಮುಗಿದವು.

"ಬೆನ್ನು ಪೂರ್ತಿ ಮುಚ್ಚಿದೆ," ಅಂದರು ವೈದ್ಯೆ. "ಚೆನ್ನಾಗಿದೆ. ನೀವೇ ನೋಡ್ತಾ ಇದ್ದೀರಲ್ಲ."

"ನೋಡಿದೆ." ಎದ್ದು ಕೂತಳು. "ಹಾಗಾದ್ರೆ ಮೊದಲನೇದು ಯಾಕೆ ಹಾಗಾಯ್ತು ಡಾಕ್ಟ್ರೇ?"

"ಗೊತ್ತಿಲ್ಲಮ್ಮ."

"ಫ್ಯಾನ್ ಕೆಟ್ಟಿತ್ತು. ದ್ರಾವಣದ ಪಕ್ಕ ಕೂತಿದ್ದೆ, ಬಸುರಿ ಅಂತ ಗೊತ್ತಿರಲಿಲ್ಲ."

ವೈದ್ಯೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ಅದೇ ಕಾರಣ ಅಂತ ನಾನು ಹೇಳಲಾರೆ. ಅದು ಅಲ್ಲವೇ ಅಲ್ಲ ಅಂತಾನೂ ಹೇಳಲಾರೆ. ಎಷ್ಟೋ ಸಲ ಕೊನೆವರೆಗೂ ಗೊತ್ತಾಗಲ್ಲ."

ಹೊರಗೆ ಉದ್ದ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಳು. ಸುದ್ದಿ ಹೇಳಿದಳು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಸಂತೋಷ ಬಂದೇ ಬರುತ್ತದೆ ಎಂದು ಮೂಳೆಯಕ್ಕ ಕಾದಳು. ಬಂದದ್ದು ಬೇರೆ. ಫ್ಯಾನು, ಇಲಿ, ಎರಡೂವರೆ ಕೋಟಿ ವರ್ಷ, ಸತ್ತವುಗಳ ಮೂಳೆ, ಇಷ್ಟು ದಿನ ಹೊತ್ತು ತಿರುಗಿದ್ದು ಒಂದೂ ಕೈಯಲ್ಲಿ ನಿಲ್ಲಲಿಲ್ಲ. ಕಾರಣ ಹುಡುಕುತ್ತಿದ್ದಷ್ಟು ದಿನ ಆ ಮಗುವೂ ಜೊತೆಗಿತ್ತು. ಈಗ ಹಿಡಿದುಕೊಳ್ಳಲು ಏನಿದೆ?

"ಮೂಳೆ ಮೂಳೆ ಅಂತ ನಾನು ನಿನ್ನ ಹಂಗಿಸಬಾರದಿತ್ತು," ಅಂದರು ಅತ್ತೆ, ಗೋಡೆಗೇ ಹೇಳುವಂತೆ. "ಏನಾದ್ರೂ ಒಂದು ಅನ್ನಬೇಕಿತ್ತು. ಸುಮ್ಮನಿರೋಕಾಗ್ತಿರಲಿಲ್ಲ."

"ಅತ್ತೆ, ನೀವು ನೋಡಿದ್ರಲ್ಲ."

"ಏನನ್ನ?"

"ಮಗೂನ. ನನಗೆ ನೋಡಬೇಡ ಅಂದ್ರು. ನಿಮ್ಮ ಕೈಗೇ ಕೊಟ್ರು."

ಅತ್ತೆ ತಿರುಗಿದರು. ಒಂದು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತು ಇಬ್ಬರ ನಡುವೆ ಬಂದಿರಲಿಲ್ಲ.

"ಬೆನ್ನಿಗೆ ಬಟ್ಟೆ ಸುತ್ತಿದ್ರು. ಅದನ್ನ ನಾನು ನೋಡಲಿಲ್ಲ," ಅಂದರು. "ಮುಖ ನೋಡಿದೆ. ಹುಬ್ಬು ಗಂಟಿಕ್ಕಿಕೊಂಡಿತ್ತು, ಒಳ್ಳೇ ನಿದ್ದೇಲಿದ್ದಾಗ ಯಾರೋ ಎಬ್ಬಿಸಿದ ಹಾಗೆ. ಸಿಟ್ಟು! ಮೂಗು ನಿನ್ನದು. ಗದ್ದ ಮಾತ್ರ ನಮ್ಮ ಮನೇದು, ಅಲ್ಲೊಂದು ಗುಳಿ."

"ಎಡಕ್ಕಾ, ಬಲಕ್ಕಾ?"

"ನಡುಮಧ್ಯೆ. ಕೂದಲು ಒದ್ದೆಯಾಗಿತ್ತು, ಅದಕ್ಕೇ ಕಪ್ಪಗೆ ಕಾಣ್ತಿತ್ತೋ ಏನೋ. ಒಣಗಿದ್ರೆ ಬೇರೆ ಬಣ್ಣ ಬರ್ತಿತ್ತೇನೋ. ಸ್ವಲ್ಪ ಹೊತ್ತು ಎತ್ಕೊಂಡು ಓಡಾಡಿದೆ. ನರ್ಸ್ ಸಾಕು ಕೊಡಿ ಅಂದ್ಲು. ಸುಮ್ನಿರೇ ಅಂದೆ."

ಫೋನ್ ಚೀಲದೊಳಗೆ ಅದುರಿತು, ಗಂಡನದೇ ಇರಬೇಕು. ಅವಳು ಕೈ ಹಾಕಲಿಲ್ಲ. ಇಷ್ಟು ದಿನ ಅವಳ ಹಿಂದೆ ಮುಂದೆ ಸುಳಿಯುತ್ತಿದ್ದ ಆ ಮಗುವಿಗೆ ಬೆನ್ನು ಮಾತ್ರ ಇತ್ತು, ಬಿಚ್ಚಿಕೊಂಡ ಎರಡು ಸಾಲು ಬಿಳಿ ಚುಕ್ಕೆಗಳ ಬೆನ್ನು. ಆಸ್ಪತ್ರೆಯ ಆ ಉದ್ದ ಕಾರಿಡಾರಿನಲ್ಲಿ, ಜನ ಓಡಾಡುತ್ತಿದ್ದ ಹಗಲು ಬೆಳಕಿನಲ್ಲಿ, ಅದು ನಿಧಾನವಾಗಿ ಅವಳ ಕಡೆ ತಿರುಗಿತು. ಹುಬ್ಬು ಗಂಟಿಕ್ಕಿಕೊಂಡೇ ಇತ್ತು.

"ಇನ್ನೂ ಹೇಳಿ ಅತ್ತೆ," ಅಂದಳು.